ಬು ನಾಸಿರರ ರೈಫಲ್, ನನ್ನ ಹುಬ್ಬು

ನನ್ನ ಬಲಗಡೆಯ ಹುಬ್ಬಿನ ನಡುವೆ ಅರ್ಧ ಇಂಚಿನಷ್ಟು ಜಾಗದಲ್ಲಿ ಕೂದಲು ಬೆಳೆಯುವುದಿಲ್ಲ. ಕುವೈತಿನ ಸಾಲ್ಮಿಯಾದಲ್ಲಿ ನಾನು ತಿಂಗಳಿಗೊಮ್ಮೆ ತಲೆ ಒಪ್ಪಿಸುವ ಕ್ಷೌರದಂಗಡಿಯ ಭಾಯಿಗೆ ಅದರ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಮೊನ್ನೆ ಬಾಚಣಿಗೆಯ ತುದಿಯಿಂದ ಅದನ್ನು ತೋರಿಸಿ, "ಸಾಬ್, ಇಲ್ಲಿ ಏನಾಯಿತು?" ಎಂದು ಕೇಳಿಯೇಬಿಟ್ಟ. ಈ ಪ್ರಶ್ನೆಗೆ ನಾನು ಇಷ್ಟು ದಿನ ಬಾಯಿಗೆ ಬಂದ ಉತ್ತರ ಕೊಟ್ಟುಕೊಂಡು ಬಂದಿದ್ದೇನೆ. ಬಚ್ಚಲಲ್ಲಿ ಜಾರಿದೆ, ಕಾರಿನ ಬಾಗಿಲು ತಾಗಿತು, ಹೀಗೆ. ಅಂದು ಯಾಕೋ ನಿಜ ಹೇಳುವ ಮನಸ್ಸಾಯಿತು.

"ರೈಫಲ್," ಎಂದೆ.

ಭಾಯಿ ಕತ್ತರಿ ಕೆಳಗಿಟ್ಟು ಕನ್ನಡಿಯಲ್ಲಿ ನನ್ನನ್ನು ನಿಧಾನವಾಗಿ ನೋಡಿದ. ಬಿಳಿ ಬಟ್ಟೆಯ ಕೆಳಗೆ ಉಬ್ಬಿದ ಹೊಟ್ಟೆ, ಅವನಿಗೆ ಹೆಚ್ಚು ಕೆಲಸ ಕೊಡದ ತಲೆ, ಎದುರಿನ ಕಟ್ಟೆಯಲ್ಲಿ ಮಡಚಿಟ್ಟ ಕನ್ನಡಕ. ಆಮೇಲೆ "ಅಚ್ಛಾ" ಎಂದ. ಆ ಒಂದು ಮಾತಿನಲ್ಲಿ ಎಷ್ಟು ಕನಿಕರವಿತ್ತೆಂದರೆ, ಬಚ್ಚಲಲ್ಲಿ ಜಾರಿದೆ ಎಂದೇ ಹೇಳಬಹುದಿತ್ತು ಅನ್ನಿಸಿತು.

ನೀವಾದರೂ ನಂಬುತ್ತೀರಿ ಎಂಬ ಧೈರ್ಯದಲ್ಲಿ ಪೂರ್ತಿ ಹೇಳುತ್ತಿದ್ದೇನೆ.

ನನ್ನ ಹೆಸರು ಪದ್ಮನಾಭ, ಬಂಟ್ವಾಳದ ಕಡೆಯವನು. ಇಪ್ಪತ್ತನಾಲ್ಕು ವರ್ಷಗಳಿಂದ ಕುವೈತಿನ ರಾಯ್‌ನಲ್ಲಿ, ನೀರಿನ ಪಂಪು ಮಾರುವ ಒಂದು ಶೋರೂಮಿನಲ್ಲಿದ್ದೇನೆ. ಸೇಲ್ಸ್‌ಮನ್ ಆಗಿ ಸೇರಿದವನು ಈಗ ಮ್ಯಾನೇಜರ್. ಮೊದಲು ಗಿರಾಕಿಗಳು ಮಾತ್ರ ಬೈಯುತ್ತಿದ್ದರು, ಈಗ ಸೇಲ್ಸ್‌ಮನ್‌ಗಳೂ ಬೈಯುತ್ತಾರೆ ಎಂಬುದೊಂದೇ ವ್ಯತ್ಯಾಸ. ಶೋರೂಮಿನ ಒಡೆಯರು ಬು ನಾಸಿರ್, ಅಂದರೆ ನಾಸಿರನ ಅಪ್ಪ. ಹಿರಿಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವುದು ಇಲ್ಲಿ ಗೌರವ. ನನ್ನ ಕಫೀಲರೂ ಅವರೇ. ನಾನು ಈ ದೇಶದಲ್ಲಿ ಇರಬಹುದೆಂದು ಹೇಳುವ ಇಕಾಮಾದ ಕಾಗದಕ್ಕೆ ಸಹಿ ಹಾಕುವ ಕೈ ಅವರದು. ಅರಬ್ಬಿಯಲ್ಲಿ 'ಪ' ಅಕ್ಷರ ಇಲ್ಲದ ಕಾರಣ ಅವರಿಗೆ ನಾನು ಮೊದಲ ದಿನದಿಂದಲೂ ಬದ್ಮಾ, ನಾವು ಮಾರುವ ಪಂಪು ಬಂಬು. "ಬದ್ಮಾ, ಎರಡು ಬಂಬು ತಾ" ಎಂದು ಅವರು ಒಳಗಿನಿಂದ ಕೂಗಿದರೆ ಹೊಸದಾಗಿ ಸೇರಿದವರಿಗೆ ಒಮ್ಮೆ ಎದೆ ಧಸಕ್ಕೆನ್ನುತ್ತದೆ.

ಇನ್ನು ನಾನು ಶಿಕಾರಿಯಾದ ಕಥೆ. ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ ಬು ನಾಸಿರ್ ಆಫೀಸಿನವರನ್ನೆಲ್ಲ ಮರುಭೂಮಿಯ ತಮ್ಮ ಡೇರೆಗೆ ಊಟಕ್ಕೆ ಕರೆದಿದ್ದರು. ಸಂಜೆ ಬೆಂಕಿಯ ಸುತ್ತ ಕುಳಿತಾಗ ಒಬ್ಬೊಬ್ಬರೂ ತಮ್ಮ ಊರಿನ ಬಗ್ಗೆ ಏನಾದರೂ ಹೇಳಬೇಕಾಯಿತು. ಒಬ್ಬನ ಅಜ್ಜ ನೈಲ್ ನದಿಯಲ್ಲಿ ಮೊಸಳೆ ಹಿಡಿದಿದ್ದ, ಇನ್ನೊಬ್ಬನ ಚಿಕ್ಕಪ್ಪ ಕುಸ್ತಿಯ ಪೈಲ್ವಾನ. ನನ್ನ ಸರದಿ ಬಂತು. ಇಪ್ಪತ್ತೆಂಟರ ಪ್ರಾಯ, ಸುಮ್ಮನಿರಲು ಆಗಲಿಲ್ಲ.

"ನನ್ನ ಅಪ್ಪ ಶಿಕಾರಿ. ಮನೆಯಲ್ಲಿ ಕೋವಿ ಇತ್ತು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ," ಎಂದೆ.

ಬು ನಾಸಿರ್ ಮುಂದಕ್ಕೆ ಬಾಗಿ, "ಹುಲಿ?" ಎಂದು ಕೇಳಿದರು.

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಬೆಂಕಿಯನ್ನು ನೋಡುತ್ತ ಸುಮ್ಮನೆ ಕುಳಿತೆ. ನಾನು ಸುಳ್ಳು ಹೇಳಲಿಲ್ಲ, ಆದರೆ ಆ ಮೌನದಲ್ಲಿ ಒಂದು ಹುಲಿ ಸತ್ತುಹೋಯಿತು.

ಕೋವಿ ಇದ್ದದ್ದೇನೋ ನಿಜ. ಬೆಳೆ ಕಾಯಲು ಸರಕಾರ ಪರವಾನಗಿ ಕೊಟ್ಟ ಒಂಟಿನಳಿಗೆಯ ತೋಟೆ ಕೋವಿ. ಚಾವಡಿಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ, ಅಪ್ಪನ ಹಳೆಯ ಲುಂಗಿ ಸುತ್ತಿಕೊಂಡು ಮಲಗಿರುತ್ತಿತ್ತು. ತೋಟೆಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ಡಬ್ಬಿ ಅಟ್ಟದಲ್ಲಿ, ಅಟ್ಟದ ಏಣಿ ಅಪ್ಪನ ಕೋಣೆಯಲ್ಲಿ. ನಮಗೆ ಸಿಗುತ್ತಿದ್ದದ್ದು ಹೊಡೆದ ಮೇಲೆ ಉಳಿಯುವ ಖಾಲಿ ತೋಟೆ ಮಾತ್ರ. ಅದರ ಬಾಯಿಗೆ ತುಟಿ ಹಚ್ಚಿ ಊದಿದರೆ ಒಳ್ಳೆಯ ಸೀಟಿ ಬರುತ್ತಿತ್ತು. ಮದ್ದಿನ ವಾಸನೆ ಅರ್ಧ ದಿನ ಮೂಗಿನಲ್ಲಿ ಉಳಿಯುತ್ತಿತ್ತು. ಅಪ್ಪ ಹೆಚ್ಚಾಗಿ ಹೊಡೆಯುತ್ತಿದ್ದದ್ದು ಆಕಾಶಕ್ಕೆ. ಗೆಣಸಿನ ಗದ್ದೆಗೆ ನುಗ್ಗುವ ಹಂದಿಗಳಿಗೆ ಸದ್ದೊಂದೇ ಸಾಕಾಗುತ್ತಿತ್ತು.

ನಾನು ಜೊತೆಗೆ ಹೋಗುತ್ತಿದ್ದೆ ಎಂಬುದೂ ಪೂರ್ತಿ ಸುಳ್ಳಲ್ಲ. ಒಂದು ಸಲ ಹೋಗಿದ್ದೆ. ಕತ್ತಲಾಗುವ ಹೊತ್ತು, ಬೇಲಿಯ ಆಚೆಯಿಂದ ಗುಟುರು ಕೇಳಿಸಿತು. ನಾನು ಟಾರ್ಚು ಬಿಸಾಡಿ ಹತ್ತಿರದ ಗೇರುಮರ ಹತ್ತಿದೆ. ಅದು ಹಂದಿಯಾಗಿರಲಿಲ್ಲ. ನೆರೆಮನೆಯ ಐತಪ್ಪಣ್ಣ ಗಂಟಲು ಸರಿಮಾಡಿಕೊಂಡದ್ದು. ಅಪ್ಪ ಟಾರ್ಚು ಹೆಕ್ಕಿಕೊಂಡು, "ಇಳಿ, ಅವರು ಕಚ್ಚುವುದಿಲ್ಲ," ಎಂದರು. ಮತ್ತೆ ನನ್ನನ್ನು ಕರೆಯಲಿಲ್ಲ.

ಚುನಾವಣೆ ಬಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಒಯ್ಯುವ ಹಾಗೆ ಬಸ್ಸಿನಲ್ಲಿ ಒಯ್ಯುತ್ತಿದ್ದರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಹಾಗೆ ಹೋದ ಕೋವಿ ತಿರುಗಿ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ರಿನೀವಲ್ ರಗಳೆ ಮಾರಾಯ," ಎಂದಿದ್ದರು. ಗೋಡೆಯಲ್ಲಿ ಮೊಳೆ ಎರಡು ಉಳಿದವು. ಅಮ್ಮ ಅವುಗಳಲ್ಲಿ ಕ್ಯಾಲೆಂಡರ್ ಒಂದನ್ನೂ ಕೊಡೆ ಒಂದನ್ನೂ ತೂಗುಹಾಕಿದರು.

ಇಷ್ಟು ಬಂಡವಾಳದಲ್ಲಿ ನಾನು ಎರಡು ದಶಕ ಶಿಕಾರಿಯ ಮಗನಾಗಿ, ಸ್ವತಃ ಅರ್ಧ ಶಿಕಾರಿಯಾಗಿ ಬು ನಾಸಿರರ ದಿವಾನಿಯಾದಲ್ಲಿ, ಅಂದರೆ ಗಂಡಸರು ಕೂತು ಹರಟೆ ಹೊಡೆಯುವ ಅವರ ಮನೆಯ ಬೈಠಕ್ಕಿನಲ್ಲಿ, ಚಹಾ ಕುಡಿದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಕಳೆದ ವರ್ಷದ ಬೇಸಗೆಯಲ್ಲಿ.

ಒಂದು ಬೆಳಿಗ್ಗೆ ಬು ನಾಸಿರ್ ನನ್ನನ್ನು ಕ್ಯಾಬಿನ್ನಿಗೆ ಕರೆದು, "ಬಾಗಿಲು ಹಾಕು," ಎಂದರು. ಬಾಗಿಲು ಹಾಕಿಸುವುದು ಯಾರನ್ನಾದರೂ ಕೆಲಸದಿಂದ ತೆಗೆಯುವಾಗ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ವಿಷಯ ಇಷ್ಟು. ಅವರ ಹೆಂಡತಿಯ ಅಣ್ಣ ಬು ಸಾಲೆಂ ಪ್ರತಿ ವರ್ಷ ಯಾವುದಾದರೂ ದೇಶಕ್ಕೆ ಬೇಟೆಗೆ ಹೋಗುವವರು. ಈ ಸಲ ಅಮೆರಿಕದ ಗುಡ್ಡಗಾಡಿಗೆ ಹೊರಟು ಬು ನಾಸಿರರನ್ನೂ ಎಳೆದುಕೊಂಡಿದ್ದರು. ಜಿಂಕೆ ಒಂದು, ಎಲ್ಕ್ ಒಂದು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಕೊಂಬು ಮರದ ಕೊಂಬೆಯಷ್ಟು, ತೂಕ ಒಳ್ಳೆಯ ಎಮ್ಮೆಯಷ್ಟು. ಅಲ್ಲಿ ಏರ್ಪಾಡು ಮಾಡುವವರು ಬಂದೂಕನ್ನೂ ಕೊಡುತ್ತಾರೆ, ಆದರೆ ಎರಡರಲ್ಲಿ ಯಾವುದು ಬೇಕೆಂದು ಮೊದಲೇ ತಿಳಿಸಬೇಕು. ಬು ನಾಸಿರ್ ಯೌವನದಲ್ಲಿ ಜೋಡುನಳಿಗೆಯಲ್ಲಿ ಹಕ್ಕಿ ಹೊಡೆದವರೇ ಹೊರತು ರೈಫಲ್ ಹಿಡಿದು ದೊಡ್ಡ ಪ್ರಾಣಿಯ ಎದುರು ನಿಂತವರಲ್ಲ. ಈಗ ವಯಸ್ಸು ಅರವತ್ತಮೂರು.

"ನೀನೇ ಹೇಳು ಬದ್ಮಾ. ನೀನು ಕಾಡಿನವನು."

"ಬು ಸಾಲೆಂ ಅವರನ್ನೇ ಕೇಳಬಹುದಲ್ಲ?"

"ಅವನನ್ನು ಕೇಳಿದರೆ ನನಗೆ ಗೊತ್ತಿಲ್ಲ ಅಂತ ಊರಿಗೇ ಗೊತ್ತಾಗುತ್ತದೆ. ನಿನ್ನನ್ನು ಕೇಳಿದರೆ ನಿನಗೆ ಮಾತ್ರ ಗೊತ್ತಾಗುತ್ತದೆ."

ಎರಡು ಬಂದೂಕಿನ ಚಿತ್ರವೂ ಇತ್ತು. ಎರಡೂ ಬೋಲ್ಟ್ ಆ್ಯಕ್ಷನ್. ಹಳೆಯ ಬಾಗಿಲ ಚಿಲಕದ ಹಾಗೆ ಪಕ್ಕದಲ್ಲೊಂದು ಹಿಡಿ. ಎತ್ತಿ ಹಿಂದೆಳೆದರೆ ಹೊಡೆದ ತೋಟೆ ಹೊರಗೆ ಹಾರುತ್ತದೆ, ಮುಂದೆ ದೂಡಿ ಕೆಳಗೊತ್ತಿದರೆ ಹೊಸದು ಒಳಗೆ ಕೂರುತ್ತದೆ. ಒಂದರ ಗುಂಡಿನ ಹೆಸರು 'ಮುನ್ನೂರೆಂಟು', ಇನ್ನೊಂದರದ್ದು 'ಮುನ್ನೂರು ಮ್ಯಾಗ್ನಂ'. ಮುನ್ನೂರಕ್ಕಿಂತ ಮುನ್ನೂರೆಂಟು ದೊಡ್ಡದಾದ್ದರಿಂದ ಅದೇ ಜೋರಿನದೆಂದು ಹೇಳಲು ಬಾಯಿ ತೆರೆದಿದ್ದೆ. ಪುಣ್ಯಕ್ಕೆ ಅಷ್ಟರಲ್ಲಿ ಚಹಾ ಬಂತು. ಒಂದು ವಾರ ಸಮಯ ಬೇಕೆಂದು ಹೇಳಿ ಎದ್ದೆ.

ನನ್ನ ಹೆಂಡತಿ ಸುಮತಿ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಮನೆಗೆ ಬಂದು ಅವಳಲ್ಲಿ ಹೇಳಿದೆ.

"ನಂಗೆ ಗೊತ್ತಿಲ್ಲ ಅಂತ ಹೇಳಿಬಿಡಿ," ಎಂದಳು.

"ಇಷ್ಟು ವರ್ಷ ಆದ ಮೇಲೆ ಹೇಗೆ ಹೇಳುವುದು?"

"ಬಾಯಿಂದ."

ಹತ್ತನೆಯ ಕ್ಲಾಸಿನ ಮಗಳು ನಿಧಿ ಮೊಬೈಲಿನಿಂದ ತಲೆ ಎತ್ತದೆ, "ಡ್ಯಾಡಿ, ಯು ಕಾಲ್ ಮಮ್ಮಿ ಈವನ್ ಫಾರ್ ಅ ಕಾಕ್ರೋಚ್," ಎಂದಳು. ಅವಳಿಗೆ ಕನ್ನಡವೂ ತುಳುವೂ ಅರ್ಥವಾಗುತ್ತದೆ, ಆದರೆ ನನ್ನ ಮರ್ಯಾದೆ ತೆಗೆಯಲು ಇಂಗ್ಲಿಷೇ ಬೇಕು.

ಆ ವಾರವಿಡೀ ಮೊಬೈಲಿನಲ್ಲಿ ರೈಫಲಿನ ವಿಡಿಯೋ ನೋಡಿದೆ. ಅಮೆರಿಕದ ಗಡ್ಡದ ಗಂಡಸರು ಈ ಎರಡು ಗುಂಡುಗಳ ಬಗ್ಗೆ ಜಗಳಾಡುವ ಗಾಂಭೀರ್ಯ ನೋಡಿ ನನಗೆ ನಮ್ಮೂರಿನವರು ಮೀನಿನಲ್ಲಿ ಬಂಗುಡೆಯೋ ಅಂಜಲೋ ಎಂದು ವಾದಿಸುವುದು ನೆನಪಾಯಿತು. ಜಿಂಕೆಗೆ ಮುನ್ನೂರೆಂಟು ಧಾರಾಳ ಎನ್ನುವುದರಲ್ಲಿ ಎಲ್ಲರಿಗೂ ಒಪ್ಪಿಗೆ. ಎಲ್ಕ್ ಬಂದಲ್ಲಿ ಜಗಳ. ಒಬ್ಬ, ಹತ್ತಿರ ಹೋಗಿ ಸರಿಯಾದ ಜಾಗಕ್ಕೆ ಹೊಡೆದರೆ ಮುನ್ನೂರೆಂಟೇ ಸಾಕು ಎನ್ನುತ್ತಾನೆ. ಇನ್ನೊಬ್ಬ, ಕಣಿವೆಯ ಆಚೆ ನಿಂತ ಎಲ್ಕ್ ನಿನಗಾಗಿ ಹತ್ತಿರ ಬರುತ್ತದಾ, ಮ್ಯಾಗ್ನಂ ಹಿಡಿ ಎನ್ನುತ್ತಾನೆ. ಮೊದಲನೆಯವ, ಮ್ಯಾಗ್ನಂ ಹೆಗಲಿಗೆ ಕತ್ತೆಯ ಹಾಗೆ ಒದೆಯುತ್ತದೆ, ಆ ಹೆದರಿಕೆಯಲ್ಲೇ ಗುರಿ ತಪ್ಪುತ್ತದೆ ಎನ್ನುತ್ತಾನೆ. ಮರದ ಹಿಡಿಯೋ ಪ್ಲಾಸ್ಟಿಕ್ಕಿನದೋ, ಮೇಲೆ ಕೂರಿಸುವ ದುರ್ಬೀನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು, ಬೆರಳಿನಲ್ಲಿ ಎಳೆಯುವ ಕುದುರೆ ಎಷ್ಟು ಮೆತ್ತಗಿರಬೇಕು, ಎಲ್ಲಕ್ಕೂ ಒಬ್ಬೊಬ್ಬ ಗಡ್ಡದವ. ಗುರುವಾರದ ಹೊತ್ತಿಗೆ ನಾನು ಎಷ್ಟು ಕಲಿತಿದ್ದೆನೆಂದರೆ, ಗಿರಾಕಿಯೊಬ್ಬ ಮಹಡಿಗೆ ನೀರು ಏರಿಸಲು ಯಾವ ಪಂಪು ಒಳ್ಳೆಯದೆಂದು ಕೇಳಿದಾಗ, "ಎಷ್ಟು ದೂರದಿಂದ?" ಎಂದು ಕೇಳಿಬಿಟ್ಟೆ.

ಶನಿವಾರ ಬೆಳಿಗ್ಗೆ ಬು ನಾಸಿರ್ ನನ್ನನ್ನು ತಾವು ಸದಸ್ಯರಾಗಿರುವ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದರು. ಅಲ್ಲಿನ ತರಬೇತುದಾರ ಈಜಿಪ್ಟಿನ ಉಸ್ತಾದ್ ಹಾನಿ. ಹುರಿ ಮೀಸೆ, ಮೆದು ಮಾತು. ಚಿತ್ರದಲ್ಲಿದ್ದಂಥದ್ದೇ ಎರಡು ರೈಫಲನ್ನು ಮೇಜಿನ ಮೇಲೆ ಸಿದ್ಧಪಡಿಸಿಟ್ಟಿದ್ದ.

ಬು ನಾಸಿರ್ ಮೊದಲು ಚಿಕ್ಕದನ್ನು, ಅಂದರೆ ಮುನ್ನೂರೆಂಟನ್ನು, ಹಿಡಿದರು. ನಾನು ಹಿಂದೆ ಪಕ್ಕಕ್ಕೆ ನಿಂತಿದ್ದೆ, ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ಉಸಿರು ಬಿಟ್ಟು, ತಡೆದು, ಹೊಡೆದರು. ಐದು ಗುಂಡೂ ಒಂದು ಅಂಗೈಯಗಲದೊಳಗೆ ಬಿದ್ದವು. ಆಮೇಲೆ ಮ್ಯಾಗ್ನಂ. ಕುದುರೆಯ ಮೇಲೆ ಬೆರಳು ಹೋಗುವ ಮೊದಲೇ ಅವರ ಹೆಗಲು ಹಿಂದಕ್ಕೆ ಸರಿಯಿತು, ಕಣ್ಣು ಬಿಗಿಯಾಗಿ ಮುಚ್ಚಿತು. ಇಂಜೆಕ್ಷನ್ ಕಂಡ ಮಗುವಿನ ಹಾಗೆ. ಐದು ಸಲವೂ ಹಾಗೆಯೇ. ಗುಂಡುಗಳು ಹಲಗೆಯ ನಾಲ್ಕು ಮೂಲೆಗೂ ಹಂಚಿಹೋದವು. ಪ್ರತಿ ಸಲವೂ ಉಸ್ತಾದ್ ಹಾನಿ, "ಮುಮ್ತಾಜ್," ಎಂದ. ಅಂದರೆ ಅತ್ಯುತ್ತಮ. ಅವನಿಗೂ ಒಬ್ಬ ಕಫೀಲ್ ಇದ್ದಾನೆ.

"ದೊಡ್ಡದೇ ಸರಿ," ಎಂದು ಹೆಗಲು ಉಜ್ಜಿಕೊಂಡರು ಬು ನಾಸಿರ್. "ಚಿಕ್ಕದನ್ನು ಹಿಡಿದು ಹೋದರೆ ಬು ಸಾಲೆಂ ಆಟಿಕೆ ಅಂತಾನೆ. ಬದ್ಮಾ, ಯಲ್ಲಾ, ನೀನೂ ಒಂದು ಹೊಡಿ."

ನಾನು ಬೆನ್ನುನೋವು ಎಂದೆ. ಕೇಳಲಿಲ್ಲ. ಮೇಜಿನ ಎದುರು ಕೂತೆ. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿದ್ದರಿಂದ ಉಸ್ತಾದ್ ಹಾನಿ ಹೇಳಿದ್ದು ಏನೂ ಕೇಳಿಸಲಿಲ್ಲ. ಕಣ್ಣನ್ನು ದುರ್ಬೀನಿನಿಂದ ನಾಲ್ಕು ಬೆರಳು ದೂರ ಇಡು ಎಂದು ಅವನು ನಾಲ್ಕು ಬೆರಳು ತೋರಿಸಿದ. ನಾಲ್ಕು ಗುಂಡು ಉಂಟೆಂದು ಹೇಳುತ್ತಿದ್ದಾನೆಂದು ತಿಳಿದು ನಾನು ತಲೆಯಾಡಿಸಿದೆ. ಕನ್ನಡಕ ಇಲ್ಲದೆ ಗುರಿ ಮಂಜಾಗಿ ಕಂಡದ್ದರಿಂದ ಇನ್ನಷ್ಟು ಹತ್ತಿರ ಹೋದೆ. ಹುಬ್ಬು ದುರ್ಬೀನಿಗೆ ತಾಗುವಷ್ಟು. ಕುದುರೆ ಎಳೆದೆ.

ಗುಂಡು ಹಲಗೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಯಿತೆಂದು ಆಮೇಲೆ ಹೇಳಿದರು. ದುರ್ಬೀನು ಎಲ್ಲಿಗೆ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ರಕ್ತ ಕಣ್ಣೊಳಗೆ ಇಳಿಯಿತು.

ಬು ನಾಸಿರ್ ಡ್ರೈವರನಿಗೂ ಕಾಯದೆ ತಾವೇ ಕಾರು ಓಡಿಸಿದರು. ಅವರ ಬಿಳಿ ಚರ್ಮದ ಸೀಟಿನ ಮೇಲೆ ನನ್ನ ರಕ್ತ ತೊಟ್ಟಿಕ್ಕುತ್ತಿತ್ತು. ನಾನು ಒರೆಸಲು ಹೋದರೆ, "ಸೀಟು ಬಿಡು, ತಲೆ ಹಿಡಿದುಕೋ," ಎಂದರು. ಸುಮತಿಯ ಕ್ಲಿನಿಕ್ಕಿನಲ್ಲೇ ಡಾಕ್ಟರು ಮೂರು ಹೊಲಿಗೆ ಹಾಕಿದರು. ಸುದ್ದಿ ತಿಳಿದು ಸುಮತಿ ಲ್ಯಾಬಿನಿಂದ ಓಡಿಬಂದವಳು, ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರ ಬಾಯಿಂದ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ನಮ್ಮ ಭಾಷೆಯಲ್ಲಿ, "ಎಂತ, ಹುಲಿ ತಿರುಗಿ ಹೊಡೆಯಿತಾ?" ಎಂದಳು.

"ಏನು ಕೇಳುತ್ತಾರೆ?" ಎಂದರು ಬು ನಾಸಿರ್.

"ನೋವುಂಟಾ ಅಂತ," ಎಂದೆ.

ಬು ನಾಸಿರ್ ನನ್ನ ಹೊಲಿಗೆಯನ್ನು ನೋಡಿ, "ಇಂಥ ಗಾಯ ಮೊದಲನೆಯ ಸಲ ಹೊಡೆಯುವವರಿಗೆ ಆಗುತ್ತದೆ ಅಂತ ಉಸ್ತಾದ್ ಹೇಳಿದ," ಎಂದರು.

"ದುರ್ಬೀನು ಹೊಸ ಮಾದರಿಯದು," ಎಂದೆ.

"ಹೌದು, ಹೌದು," ಎಂದರು. ಅವರು ಇಷ್ಟು ಬೇಗ ಒಪ್ಪಿದ್ದು ನನಗೆ ಹೊಲಿಗೆಗಿಂತ ಹೆಚ್ಚು ಚುಚ್ಚಿತು.

ನನ್ನ ಅಪ್ಪನಿಗೆ ಎಂಬತ್ತೆರಡು. ಬಂಟ್ವಾಳ ಪೇಟೆಯಲ್ಲಿ ಅಣ್ಣನ ಸಂಸಾರದ ಜೊತೆ ಕ್ರಿಕೆಟ್ ನೋಡಿಕೊಂಡು, ಮೊಮ್ಮಕ್ಕಳ ರಿಮೋಟು ಕಸಿದುಕೊಂಡು ಆರಾಮವಾಗಿದ್ದಾರೆ. ಶುಕ್ರವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡುವುದು ನಮ್ಮ ರೂಢಿ. ಆ ಶುಕ್ರವಾರ ನನ್ನ ಮುಖ ಕಂಡೊಡನೆ, "ಅದೆಂತ ಪಟ್ಟಿ?" ಎಂದು ಕೇಳಿದರು. ಅವರಿಗೆ ಮಾತ್ರ ಸುಳ್ಳು ಹೇಳಿ ರೂಢಿಯಿಲ್ಲ. ಎಲ್ಲ ಹೇಳಿದೆ, ಎರಡು ರೈಫಲಿನ ವಿಷಯವನ್ನೂ.

ಅಪ್ಪ ಮೊದಲು ನಕ್ಕರು. "ಪೆನ್ಸಿಲ್ ಕೆತ್ತುವಾಗ ಬೆರಳು ಕೊಯ್ದುಕೊಳ್ಳುತ್ತಿದ್ದವ ನೀನು. ನಿನ್ನ ಹತ್ತಿರ ಕೋವಿಯ ಸಲಹೆ ಕೇಳುವವರೂ ಉಂಟಾ?" ಆಮೇಲೆ ಟಿವಿಯ ಸದ್ದು ಕಡಿಮೆ ಮಾಡಿದರು. "ಆ ಜನ ದೊಡ್ಡದರಲ್ಲಿ ಹೊಡೆಯುವಾಗ ಕಣ್ಣು ಮುಚ್ಚುತ್ತಾರೆ ಅಂದೆಯಲ್ಲ, ನಿಜವಾ?"

"ನಿಜ."

"ಹಾಗಾದ್ರೆ ಅವರಿಗೆ ಹೇಳು. ನಮ್ಮ ಕೋವಿ ಎಂತಕ್ಕೆ ಹೋಯ್ತು ಗೊತ್ತುಂಟಾ ನಿಂಗೆ?"

"ರಿನೀವಲ್ ರಗಳೆ."

"ರಿನೀವಲೂ ಇಲ್ಲ, ಎಂತದೂ ಇಲ್ಲ," ಎಂದರು ಅಪ್ಪ. "ಒಂದಿನ ಬೆಳಗಿನ ಜಾವ ಗೆಣಸಿನ ಗದ್ದೆಯಲ್ಲಿ ಕಪ್ಪಗೆ ಕಂಡಿತು. ಹಂದಿ ಅಂತ ಹೊಡೆದೆ. ಅದು ಹಂದಿ ಅಲ್ಲ ಮಗಾ, ಕಡವೆ. ಹೆಣ್ಣು. ಹಂದಿ ಓಡಿಸುವ ಚಿಲ್ಲರೆ ತೋಟೆ ಅದಕ್ಕೆ ಎಲ್ಲಿ ಸಾಕು? ಬೀಳಲಿಲ್ಲ, ಕುಂಟಿಕೊಂಡು ಗುಡ್ಡೆ ಹತ್ತಿತು. ನಾನು ರಕ್ತ ನೋಡಿಕೊಂಡು ಹಿಂದೆ ಹೋದೆ. ಹಳ್ಳದವರೆಗೆ ಉಂಟು, ಆಮೇಲೆ ಇಲ್ಲ. ಮರುದಿನ ಹೋದೆ, ಅದರ ಮರುದಿನವೂ ಹೋದೆ. ಸತ್ತಿತಾ, ಬದುಕಿತಾ, ಇವತ್ತಿಗೂ ಗೊತ್ತಿಲ್ಲ. ಆ ವಾರವೇ ಚುನಾವಣೆ ಅಂತ ಠಾಣೆಯಿಂದ ಹೇಳಿಕಳಿಸಿದರು. ಕೊಟ್ಟು ಬಂದೆ. ತಿರುಗಿ ತರಲಿಕ್ಕೆ ಕಾಲು ಬರಲಿಲ್ಲ."

ಆ ಕ್ಯಾಲೆಂಡರು, ಆ ಕೊಡೆ ನೋಡಿಕೊಂಡು ನಾನು ಬೆಳೆದ ಮನೆಯಲ್ಲಿ ನಲವತ್ತು ವರ್ಷ ಈ ಮಾತು ಯಾರೂ ಆಡಿರಲಿಲ್ಲ.

"ತಾಗದಿದ್ದರೆ ಚಿಂತೆ ಇಲ್ಲ," ಎಂದರು ಅಪ್ಪ. "ಸರೀ ತಾಗಿದರೂ ಒಂದು ಲೆಕ್ಕ. ಅರ್ಧ ತಾಗುವುದು ಉಂಟಲ್ಲ, ಅದಾಗಬಾರದು. ಅವರು ನಿನ್ನ ಯಜಮಾನರಲ್ಲವಾ? ಹೇಳು."

ಹೇಳು ಎನ್ನುವುದು ಸುಲಭ. ಕುವೈತಿನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದವರಿಗೆ ಗೊತ್ತು, ಕಫೀಲರಿಗೆ ಹೇಳಬಾರದ ಮಾತುಗಳ ಪಟ್ಟಿ ಎಷ್ಟು ಉದ್ದವೆಂದು. ನೀವು ಬಂದೂಕು ಹೊಡೆಯುವಾಗ ಕಣ್ಣು ಮುಚ್ಚುತ್ತೀರಿ ಎಂಬುದು ಆ ಪಟ್ಟಿಯ ತಲೆಯಲ್ಲೇ ಬರಬೇಕು. ಮಗಳ ಓದು ಮುಗಿಯಲು ಇನ್ನೂ ವರ್ಷಗಳಿದ್ದವು, ಇಕಾಮಾ ನವೀಕರಣ ಎರಡು ತಿಂಗಳಲ್ಲಿ ಬರುವುದಿತ್ತು. ಭಾನುವಾರ ಬೆಳಿಗ್ಗೆ ಅವರ ಕ್ಯಾಬಿನ್ನಿನ ಹೊರಗೆ ಮೂರು ಸಲ ನಡೆದೆ. ನಾಲ್ಕನೆಯ ಸಲ ಅವರೇ, "ಒಳಗೆ ಬಾ, ತಲೆ ತಿರುಗುತ್ತದೆ," ಎಂದರು.

ಈ ಸಲ ನಾನೇ ಬಾಗಿಲು ಹಾಕಿದೆ.

"ಬು ನಾಸಿರ್, ನಾನು ಶಿಕಾರಿ ಅಲ್ಲ. ಅವತ್ತು ಹೊಡೆದದ್ದೇ ಮೊದಲನೆಯದು. ಹುಲಿಯನ್ನು ನಾನು ಮೃಗಾಲಯದಲ್ಲಿ ಬಿಟ್ಟರೆ ಎಲ್ಲಿಯೂ ನೋಡಿಲ್ಲ."

"ಅದು ಕ್ಲಿನಿಕ್ಕಿನಲ್ಲೇ ಗೊತ್ತಾಯಿತು," ಎಂದರು. "ಮುಂದೆ ಹೇಳು."

ಅಪ್ಪನ ಕಡವೆಯ ವಿಷಯ ಹೇಳಿದೆ. ಆಮೇಲೆ ಪಂಪಿನ ಮಾತಿಗೆ ಬಂದೆ, ಅದೊಂದೇ ನನಗೆ ಗೊತ್ತಿರುವ ವಿದ್ಯೆ. "ಎರಡು ಮಹಡಿಯ ಮನೆಯವರು ಬಂದು ಐದು ಹಾರ್ಸ್‌ಪವರಿನ ಪಂಪು ಕೇಳಿದರೆ ನಾವೇನು ಹೇಳುತ್ತೇವೆ? ಪೈಪಿನ ಜಾಯಿಂಟು ಒಡೆಯುತ್ತದೆ, ನಿಮಗೆ ಒಂದು ಸಾಕು ಅಂತ ನೀವೇ ನನಗೆ ಕಲಿಸಿದ್ದು. ಮ್ಯಾಗ್ನಂ ಒಳ್ಳೆಯ ಬಂದೂಕೇ. ಆದರೆ ಅದರಲ್ಲಿ ಹೊಡೆಯುವಾಗ ನೀವು ಕಣ್ಣು ಮುಚ್ಚುತ್ತೀರಿ."

ಬು ನಾಸಿರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಪ್ರತಿ ಸಲ?"

"ಪ್ರತಿ ಸಲ."

"ಚಿಕ್ಕದರಲ್ಲಿ?"

"ಒಮ್ಮೆಯೂ ಇಲ್ಲ."

"ಉಸ್ತಾದ್ ಹಾನಿ ಮುಮ್ತಾಜ್ ಅಂದನಲ್ಲ?"

ನಾನು ಸುಮ್ಮನಿದ್ದೆ. ನನ್ನ ಮೌನಗಳಲ್ಲಿ ಅದೊಂದು ಪ್ರಾಮಾಣಿಕವಾದದ್ದು.

"ಹೋಗು," ಎಂದರು. ಕೋಪವೋ ಅಲ್ಲವೋ ತಿಳಿಯಲಿಲ್ಲ. ಎರಡು ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮನೆಯಲ್ಲಿ ಸುಮತಿ, "ಕೆಲಸ ಹೋದರೆ ಊರಿಗೆ ಹೋಗಿ ಗೆಣಸು ಬೆಳೆಯುವಾ," ಎಂದು ನಗಿಸಲು ನೋಡಿದಳು. ಅವಳೂ ಸರಿಯಾಗಿ ನಗಲಿಲ್ಲ. ಮೂರನೆಯ ದಿನ ಅವರು ಅಮೆರಿಕಕ್ಕೆ ಕಳಿಸಿದ ಈಮೇಲಿನ ಪ್ರತಿ ನನಗೂ ಬಂತು. ಮುನ್ನೂರೆಂಟರ ಎದುರು ಗುರುತು ಹಾಕಿದ್ದರು. ಕೆಳಗೆ ಒಂದು ಸಾಲು: ಇನ್ನೂರು ಗಜಕ್ಕಿಂತ ದೂರದ ಪ್ರಾಣಿಗೆ ನಾನು ಹೊಡೆಯುವುದಿಲ್ಲ, ಗೈಡ್‌ಗೆ ತಿಳಿಸಿ. ಅದರ ಮರುದಿನ ಸಂಜೆ ನನ್ನ ಮೇಜಿನ ಮೇಲೆ ಸಹಿ ಹಾಕಿದ ಇಕಾಮಾದ ಕಾಗದ ಇತ್ತು. ಅವಧಿಗೆ ಮೊದಲೇ.

ಆಮೇಲೆ ಅಮೆರಿಕಕ್ಕೆ ಹೊರಡುವವರೆಗೂ ಅವರು ಒಂದು ಶನಿವಾರವೂ ಬಿಡದೆ ಅಭ್ಯಾಸ ಮಾಡಿದರು. ನನ್ನನ್ನೂ ಕರೆದೊಯ್ದು ಪಕ್ಕದಲ್ಲಿ ನಿಲ್ಲಿಸಿ, "ಕಣ್ಣು ನೋಡು," ಎನ್ನುತ್ತಿದ್ದರು.

ಇದು ನೀತಿಕಥೆಯಾಗಿದ್ದರೆ ಮ್ಯಾಗ್ನಂ ಹಿಡಿದ ಬು ಸಾಲೆಂ ಗುರಿ ತಪ್ಪಬೇಕಿತ್ತು. ಅವರು ತಪ್ಪಲಿಲ್ಲ. ಕಣಿವೆಯ ಆಚೆಯಿಂದ ಒಂದೇ ಗುಂಡಿಗೆ ದೊಡ್ಡ ಎಲ್ಕ್ ಉರುಳಿಸಿ, ಕೊಂಬಿನ ಪಕ್ಕ ಕೂತು ಫೋಟೋ ತೆಗೆಸಿಕೊಂಡು ಬಂದರು. ಬು ನಾಸಿರರಿಗೆ ಒಂದು ಜಿಂಕೆ ಸಿಕ್ಕಿತು. ನೂರು ಗಜ, ನಿಂತಲ್ಲೇ ಬಿತ್ತು. ಎಲ್ಕ್ ಕಂಡದ್ದು ನಾನೂರು ಗಜದಲ್ಲಿ. ಬು ಸಾಲೆಂ ಪಕ್ಕದಲ್ಲಿ ಕೂತು ಹೊಡಿ ಹೊಡಿ ಎಂದರೂ ಅವರು ಹೊಡೆಯಲಿಲ್ಲ. ಹತ್ತಿರ ಹೋಗಲು ಎರಡು ಗಂಟೆ ಹಿಮದಲ್ಲಿ ತೆವಳಿದರು, ಅಷ್ಟರಲ್ಲಿ ಅದು ಹೋಗಿತ್ತು.

"ದಿವಾನಿಯಾದಲ್ಲಿ ಎಲ್ಲರೂ ನಗುತ್ತಾರೆ," ಎಂದು ನನಗೆ ಹೇಳಿದರು. "ಬು ಸಾಲೆಂ ನನ್ನನ್ನು ಇನ್ನೂರು ಗಜ ಅಂತಲೇ ಕರೆಯುತ್ತಾನೆ."

"ಬೇಸರವಾ?"

"ಸ್ವಲ್ಪ," ಎಂದರು. "ಆದರೆ ನಿದ್ದೆ ಬರುತ್ತದೆ."

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಜಿಂಕೆ ಒಂದೇ ಗುಂಡಿಗಾ?" ಎಂದು ಕೇಳಿದರು. ಹೌದು ಎಂದೆ. "ಸರಿ ಹಾಗಾದರೆ," ಎಂದು ಕ್ರಿಕೆಟ್ಟಿಗೆ ತಿರುಗಿದರು.

ಚಳಿಗಾಲದಲ್ಲಿ ಬು ನಾಸಿರ್ ನಮ್ಮ ಸಂಸಾರವನ್ನೇ ಕ್ಲಬ್ಬಿಗೆ ಕರೆದರು. ಈಗ ಹೊಡೆಯುವುದು ಕಾಗದದ ಗುರಿಗೆ, ಹೆಗಲಿಗೆ ನೋವೇ ಆಗದ ಪುಟ್ಟ ರೈಫಲಿನಲ್ಲಿ. ಪಕ್ಕದ ಸಾಲುಗಳಲ್ಲಿ ಶಾಲೆಯ ಹುಡುಗಿಯರು ಚೂಯಿಂಗ್ ಗಮ್ ಅಗಿಯುತ್ತ ನಡುವಿನ ಕಪ್ಪು ಚುಕ್ಕೆಯನ್ನು ತೂತು ಮಾಡುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು, ನಾಲ್ಕಲ್ಲ ಆರು ಬೆರಳು ದೂರ ಕೂತು, ಐದು ಹೊಡೆದೆ. ಕಾಗದದಲ್ಲಿ ಮೂರು ತೂತು ಕಂಡವು, ಮೂರೂ ಅಂಚಿನಲ್ಲಿ. ನಿಧಿ ಅದರ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದಳು.

"ಮದಾಮ್?" ಎಂದು ಉಸ್ತಾದ್ ಹಾನಿ ಸುಮತಿಯ ಕಡೆ ತಿರುಗಿದ.

ಸುಮತಿ ಬೇಡವೆಂದಳು, ಮತ್ತೆ ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಕೂತಳು. ಅವನು ತೋರಿಸಿಕೊಟ್ಟದ್ದನ್ನು ಒಂದೇ ಸಲ ಕೇಳಿದಳು. ಬೋಲ್ಟನ್ನು ಎತ್ತಿ, ಎಳೆದು, ದೂಡಿ, ಒತ್ತಿದ ರೀತಿಯಲ್ಲಿ ಆತುರವೇ ಇರಲಿಲ್ಲ. ಉಸಿರು ಬಿಟ್ಟಳು. ಐದು ಗುಂಡು ಹೊಡೆದಳು. ಕಾಗದವನ್ನು ಹತ್ತಿರ ತಂದು ನೋಡಿದರೆ ನಡುವಿನ ಕಪ್ಪಿನಲ್ಲಿ ಒಂದೇ ತೂತು, ಸ್ವಲ್ಪ ಅಗಲವಾದದ್ದು. ಉಸ್ತಾದ್ ಹಾನಿ ಎರಡೆರಡು ಸಲ ನೋಡಿದ. ಈ ಸಲ ಮುಮ್ತಾಜ್ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬು ನಾಸಿರ್ ಕುರ್ಚಿಯಿಂದ ಎದ್ದು ಬಂದರು.

"ಇಷ್ಟೇನಾ?" ಎಂದು ನನ್ನನ್ನು ಕೇಳಿದಳು ಸುಮತಿ. "ದಿನಕ್ಕೆ ನಲವತ್ತು ಜನರ ನರ ಹುಡುಕುವವಳಿಗೆ ಇದೊಂದು ಕಷ್ಟವಾ? ಇದು ಅಲುಗಾಡುವುದೂ ಇಲ್ಲ, ಅಳುವುದೂ ಇಲ್ಲ. ಇನ್ನೈದು ಕೊಡಲಿಕ್ಕೆ ಹೇಳಿ."

ಅವಳು ಎರಡನೆಯ ಸಲಕ್ಕೆ ಕೂರುತ್ತಿದ್ದಂತೆ ಉಸ್ತಾದ್ ಹಾನಿ ನನ್ನ ಹತ್ತಿರ ಬಂದು, ಮೆಲ್ಲಗೆ, ಗೌರವದಿಂದ ಕೇಳಿದ: "ಇವರಿಗೆ ಕಲಿಸಿದ್ದು ಯಾರು?"

ಅವಳ ಬ್ಯಾಗನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. ಸುಮತಿ ಕಿವಿಯ ಮುಚ್ಚಳ ಸರಿಸಿ, ತಿರುಗಿ ನನ್ನನ್ನು ನೋಡಿದಳು.

"ಯಾರೂ ಅಲ್ಲ," ಎಂದೆ.